ಕೆಲಸ ಹೊರನಡೆಯಿತು, ಗಾಜು ಊರಲ್ಲೇ ಉಳಿಯಿತು

ಕೃಷ್ಣರಾಜಪೇಟೆಯಿಂದ ಚನ್ನರಾಯಪಟ್ಟಣದತ್ತ ಹೋಗುವ ದಾರಿಯಲ್ಲಿ ಸಿಗುವ ಕಿಕ್ಕೇರಿಯು ಹೊರಗಿನವರಿಗೆ ಹೊಯ್ಸಳರ ಕಾಲದ ಬ್ರಹ್ಮೇಶ್ವರ ದೇವಾಲಯದ ಊರು. ಸಾಹಿತ್ಯಾಸಕ್ತರಿಗೆ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು. ವರ್ತಕರ ಕಣ್ಣಿಗೆ ಅದು ಸುತ್ತಲಿನ ಹಳ್ಳಿಗಳಿಗೆ ಗೊಬ್ಬರ, ಬಿತ್ತನೆ ಬೀಜ, ಸಿಮೆಂಟು, ದಿನಸಿ, ಜವಳಿ ಒದಗಿಸುವ ಹೋಬಳಿ ಕೇಂದ್ರ. ಇಂಥ ಊರುಗಳ ಅಂಗಡಿಗಳಲ್ಲಿ ಅಟ್ಟದತ್ತ ಕಣ್ಣು ಹಾಯಿಸಿದರೆ, ತುಕ್ಕು ಹಿಡಿದ ತಕ್ಕಡಿ, ಹಳೆಯ ಲೆಡ್ಜರುಗಳ ಗಂಟು, ಕೆಟ್ಟ ಟೇಬಲ್ ಫ್ಯಾನುಗಳ ನಡುವೆ ದಪ್ಪ ಬೆನ್ನಿನ ಒಂದು ಕಂಪ್ಯೂಟರ್ ಮಾನಿಟರು ಇಂದಿಗೂ ಕಾಣಸಿಗುವುದು ಅಪರೂಪವೇನಲ್ಲ. ಸಾವಿರಗಟ್ಟಲೆ ರೂಪಾಯಿ ತೆತ್ತು ತಂದ ಸಾಮಾನಾದ್ದರಿಂದ ಎಸೆಯಲು ಮನಸ್ಸು ಬಾರದು, ಮಾರಲು ಗಿರಾಕಿಯಿಲ್ಲ, ಪುಕ್ಕಟೆ ಕೊಡುತ್ತೇವೆಂದರೂ ಸರಿಯಾದ ರೀತಿಯಲ್ಲಿ ಕೊಂಡೊಯ್ಯುವವರಿಲ್ಲ.

ಕ್ಯಾಥೋಡ್ ಕಿರಣ ನಳಿಕೆಯ ಮಾನಿಟರಿನಿಂದ ಎಲ್.ಸಿ.ಡಿ. ಚಪ್ಪಟೆ ಪರದೆಗೆ ವ್ಯಾಪಾರ ಜಗತ್ತು ದಾಟಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಆ ಬದಲಾವಣೆ ತಪ್ಪಾಗಿತ್ತೆಂದು ಇಂದು ಯಾರೂ ಹೇಳಲಾರರು. ಆದರೆ ಅದರ ಲೆಕ್ಕ ಇನ್ನೂ ಮುಗಿದಿಲ್ಲ ಎಂಬುದನ್ನು ಅಟ್ಟದ ಮೇಲಿನ ಆ ಮಾನಿಟರು ನೆನಪಿಸುತ್ತದೆ. ಪರದೆ ಚಪ್ಪಟೆಯಾದಾಗ ಅದನ್ನು ತಯಾರಿಸುವ, ಜೋಡಿಸುವ, ದುರಸ್ತಿ ಮಾಡುವ ಕೆಲಸದ ಬಹುಪಾಲು ನಾಡಿನಿಂದ ಹೊರನಡೆಯಿತು. ಹಳೆಯ ನಳಿಕೆಯ ಸೀಸಭರಿತ ಗಾಜು ಮಾತ್ರ ಊರಿನಲ್ಲೇ ಉಳಿಯಿತು. ಉಳಿದದ್ದನ್ನು ಕ್ರಮವಾಗಿ ಸಾಗಿಸುವ, ಹೋದದ್ದರಲ್ಲಿ ಒಂದು ಪಾಲನ್ನಾದರೂ ಮರಳಿ ಪಡೆಯುವ ಹೊಣೆಯನ್ನು ಸರ್ಕಾರವೇ ನೋಡಿಕೊಳ್ಳಲಿ ಎಂದು ಕಾಯದೆ, ತಾಲೂಕು ಮಟ್ಟದ ವರ್ತಕರ ಸಂಘಗಳು ತಾವೇ ವಹಿಸಿಕೊಳ್ಳುವುದು ಉಚಿತ.

ಅಂದಿನ ಲೆಕ್ಕಾಚಾರ

ಗ್ರಾಮೀಣ ಕರ್ನಾಟಕದ ಬಹುಮಂದಿ ಕಂಪ್ಯೂಟರ್ ಪರದೆಯನ್ನು ಮೊದಲು ಹತ್ತಿರದಿಂದ ಕಂಡದ್ದು ತಾಲೂಕು ಕಚೇರಿಯಲ್ಲಿ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳು ಕಂಪ್ಯೂಟರಿಗೆ ಏರಿ, 2001–02ರ ಸುಮಾರಿಗೆ ತಾಲೂಕು ತಾಲೂಕುಗಳಲ್ಲಿ ಪಹಣಿ ಕೇಂದ್ರಗಳು ತೆರೆದವು. ಪಹಣಿಯೊಂದಕ್ಕೆ 15 ರೂಪಾಯಿ ಶುಲ್ಕ. ಆ ಕೇಂದ್ರಗಳ ಒಂದು ವಿಶೇಷವೆಂದರೆ, ನೌಕರನ ಎದುರಿಗೆ ಇರುವ ಪರದೆಯಲ್ಲದೆ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನೂ ಇರಿಸಲಾಗಿತ್ತು. ತನ್ನ ಸರ್ವೆ ನಂಬರಿನ ಎದುರು ಏನು ದಾಖಲಾಗುತ್ತಿದೆ ಎಂಬುದನ್ನು ರೈತ ತಾನೇ ನೋಡಲಿ ಎಂಬ ಉದ್ದೇಶ ಅದರ ಹಿಂದಿತ್ತು. ಅದೇ ಹೊತ್ತಿಗೆ ಮಾಹಿತಿ ಸಿಂಧು ಯೋಜನೆಯ ಮೂಲಕ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. 2006ರಿಂದ ಹೋಬಳಿ ಕೇಂದ್ರಗಳಲ್ಲಿ ನೆಮ್ಮದಿ ಕೇಂದ್ರಗಳು ತೆರೆದವು. ಅಂಗಡಿಗಳು ಈ ಸರ್ಕಾರಿ ಮೇಜುಗಳನ್ನು ಕಂಡೇ ಧೈರ್ಯ ತಾಳಿ ಬಿಲ್ಲು ಮತ್ತು ದಾಸ್ತಾನಿನ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಆರಂಭಿಸಿದವು ಎಂದರೆ ಅತಿಶಯೋಕ್ತಿಯಾಗದು.

ಮೊದಲ ಪೀಳಿಗೆಯ ಆ ಯಂತ್ರಗಳಲ್ಲಿ ಹೆಚ್ಚಿನವು ನಳಿಕೆಯ ಮಾನಿಟರುಗಳೇ. ಹದಿನೇಳು ಅಂಗುಲದ ಒಂದು ಮಾನಿಟರಿನ ತೂಕ 15 ಕಿಲೋ ಆಸುಪಾಸು. ಮೇಜಿನ ಅರ್ಧಭಾಗವನ್ನು ಅದೇ ನುಂಗುತ್ತಿತ್ತು. ಬಿಸಿಯಂತೂ ಹೇಳತೀರದು. ಚಳಿಗಾಲದಲ್ಲಿ ಆ ಬೆಚ್ಚಗಿನ ಡಬ್ಬಿಯ ರಂಧ್ರಗಳೊಳಗೆ ಹಲ್ಲಿ ಸೇರಿಕೊಂಡು ಸರ್ಕ್ಯೂಟು ಸುಟ್ಟುಹೋದ ಪ್ರಸಂಗಗಳನ್ನು ಹಳೆಯ ಮೆಕ್ಯಾನಿಕ್ಕುಗಳು ಇಂದಿಗೂ ನಗುತ್ತಾ ನೆನೆಯುತ್ತಾರೆ.

ಎಲ್.ಸಿ.ಡಿ. ಪರದೆ ಪೇಟೆಗೆ ಬಂದಾಗ ಅದರ ಬೆಲೆ ನಳಿಕೆಯ ಮಾನಿಟರಿನ ಹಲವು ಪಟ್ಟು ಇತ್ತು. ದಶಕದ ಮಧ್ಯಭಾಗ ಕಳೆಯುವಷ್ಟರಲ್ಲಿ ಆ ಅಂತರ ಸುಮಾರು ದುಪ್ಪಟ್ಟಿಗೆ ಇಳಿಯಿತು. ವರ್ತಕನಾದವನು ಲೆಕ್ಕ ಹಾಕದೆ ಕೊಳ್ಳುವವನಲ್ಲ. ಹದಿನೇಳು ಅಂಗುಲದ ನಳಿಕೆಯ ಮಾನಿಟರು 75 ವಾಟ್ ಆಸುಪಾಸು ವಿದ್ಯುತ್ ಬಳಸಿದರೆ ಅದೇ ಅಳತೆಯ ಎಲ್.ಸಿ.ಡಿ. 35 ವಾಟ್ ಆಸುಪಾಸಿನಲ್ಲಿ ಮುಗಿಸುತ್ತಿತ್ತು. ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ಅಂಗಡಿ ತೆರೆದರೆ ಉಳಿತಾಯ 120 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 720 ರೂಪಾಯಿ. ಈ ಒಂದೇ ಬಾಬಿನಿಂದ ಹೆಚ್ಚುವರಿ ಬೆಲೆ ಮರಳಬೇಕಾದರೆ ಐದಾರು ವರ್ಷ ಬೇಕು. ಎಂದರೆ ಬರಿಯ ಕರೆಂಟ್ ಬಿಲ್ಲು ನೋಡಿ ಮಾನಿಟರು ಬದಲಿಸಿದವರು ಹೆಚ್ಚಿರಲಾರರು.

ಗ್ರಾಮೀಣ ಅಂಗಡಿಗಳಲ್ಲಿ ತೀರ್ಪು ಕೊಟ್ಟದ್ದು ವಿದ್ಯುತ್ ನಿಂತಾಗಿನ ಅನುಭವ. ಕೃಷ್ಣರಾಜಪೇಟೆ ತಾಲೂಕು ಇರುವುದು ಮೈಸೂರಿನಲ್ಲಿ ನೆಲೆಯಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಯಲ್ಲಿ. ಪಂಪ್‌ಸೆಟ್ಟುಗಳ ಮಾರ್ಗವನ್ನು ಊರಿನ ಮಾರ್ಗದಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ಬರುವ ಮುನ್ನ, ಹಳ್ಳಿಗಾಡಿನ ಅಂಗಡಿಕಾರನು ವಿದ್ಯುತ್ತಿನ ವೇಳಾಪಟ್ಟಿಯನ್ನು ಪಂಚಾಂಗದಂತೆ ನೋಡಬೇಕಾಗಿತ್ತು. ಸಣ್ಣ ಯು.ಪಿ.ಎಸ್. ಒಂದು ನಳಿಕೆಯ ಮಾನಿಟರನ್ನು ಹೊತ್ತು ಕೆಲವೇ ನಿಮಿಷ ಬಾಳುತ್ತಿತ್ತು. ಚಾಲೂ ಮಾಡಿದ ಕ್ಷಣದಲ್ಲಿ ಒಮ್ಮೆಲೇ ಹೆಚ್ಚು ವಿದ್ಯುತ್ ಸೆಳೆಯುವುದು ನಳಿಕೆಯ ಸ್ವಭಾವವಾದ್ದರಿಂದ ಕೆಲವೊಮ್ಮೆ ಯು.ಪಿ.ಎಸ್. ಅಷ್ಟಕ್ಕೇ ಕೈಚೆಲ್ಲುತ್ತಿತ್ತು. ಚಪ್ಪಟೆ ಪರದೆ ಬಂದ ಮೇಲೆ ಅದೇ ಬ್ಯಾಟರಿಯಲ್ಲಿ ಕೈಯಲ್ಲಿದ್ದ ಬಿಲ್ಲು ಮುಗಿಸಿ, ಲೆಕ್ಕ ಉಳಿಸಿ, ಕ್ರಮವಾಗಿ ಯಂತ್ರ ನಿಲ್ಲಿಸುವಷ್ಟು ಸಮಯ ಸಿಕ್ಕಿತು. ಗಿರಾಕಿಯ ಮುಂದೆ ಅರ್ಧ ಬಿಲ್ಲು ಕಳೆದುಕೊಂಡವನಿಗೆ ಈ ಹೆಚ್ಚುವರಿ ನಿಮಿಷಗಳ ಬೆಲೆ ಗೊತ್ತು.

ಜಗತ್ತಿನ ಗತಿಯೂ ಅದೇ ಆಗಿತ್ತು. 2007ರ ಕೊನೆಯ ತ್ರೈಮಾಸಿಕದಲ್ಲಿ ಜಾಗತಿಕ ಟೆಲಿವಿಷನ್ ರವಾನೆಯಲ್ಲಿಯೂ ಎಲ್.ಸಿ.ಡಿ.ಯು ನಳಿಕೆಯನ್ನು ಮೊದಲ ಬಾರಿಗೆ ಹಿಂದಿಕ್ಕಿತು. ಮಾನಿಟರುಗಳಲ್ಲಿ ಆ ಘಟ್ಟ ಅದಕ್ಕೂ ಮೊದಲೇ ಬಂದಿತ್ತು. ಭಾರತದಲ್ಲಿ ಟಿ.ವಿ.ಯ ವಿಷಯ ಮಾತ್ರ ನಿಧಾನವಾಗಿ ಸಾಗಿತು. ನೆರೆಯ ತಮಿಳುನಾಡು ಸರ್ಕಾರವು 2006ರಿಂದ 2011ರವರೆಗೆ 14 ಅಂಗುಲದ ನಳಿಕೆಯ ಬಣ್ಣದ ಟಿ.ವಿ.ಗಳನ್ನು ಕೋಟಿಗೂ ಮೀರಿದ ಸಂಖ್ಯೆಯಲ್ಲಿ ಉಚಿತವಾಗಿ ಹಂಚಿದ್ದು ಇದಕ್ಕೊಂದು ನಿದರ್ಶನ.

ಮೈಸೂರಿನ ವಿದ್ಯೆ, ಹೊರನಾಡಿನ ಕಾರ್ಖಾನೆ

ಚಪ್ಪಟೆ ಪರದೆ ಸಂಪೂರ್ಣವಾಗಿ ಪರದೇಶದ ಸರಕು ಎಂಬ ಭಾವನೆ ವರ್ತಕರಲ್ಲಿ ಬೇರೂರಿದೆ. ಸರಕಿನ ಮಟ್ಟಿಗೆ ಅದು ನಿಜ. ವಿದ್ಯೆಯ ಮಟ್ಟಿಗೆ ಅಲ್ಲ. ಕಿಕ್ಕೇರಿಯವರು ಆಸ್ಪತ್ರೆಗೂ ಕಾಲೇಜಿಗೂ ಹೋಗಿಬರುವ ಮೈಸೂರಿನಲ್ಲೇ, ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ, 1960ರ ದಶಕದಲ್ಲಿ ಪ್ರೊ. ಎಸ್. ಚಂದ್ರಶೇಖರ್ ಅವರು ದ್ರವಸ್ಫಟಿಕಗಳ ಸಂಶೋಧನೆಗೆ ತಳಹದಿ ಹಾಕಿದರು. ದ್ರವದಂತೆ ಹರಿಯುತ್ತಲೇ ಸ್ಫಟಿಕದಂತೆ ಶಿಸ್ತಿನಿಂದ ಜೋಡಣೆಗೊಳ್ಳುವ ಈ ವಸ್ತುವನ್ನು ಯೂರೋಪಿನಲ್ಲಿ 1888ರಲ್ಲೇ ಗುರುತಿಸಲಾಗಿತ್ತಾದರೂ, ಅದು ಬಹುಕಾಲ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿದಿತ್ತು. 1968ರಲ್ಲಿ ಅಮೆರಿಕದ ಆರ್.ಸಿ.ಎ. ಸಂಸ್ಥೆ ಅದರಿಂದ ಪರದೆ ಮಾಡಿ ತೋರಿಸಿದ ಮೇಲಷ್ಟೇ ಉದ್ಯಮದ ಕಣ್ಣು ಅದರ ಮೇಲೆ ಬಿದ್ದಿತು.

ಚಂದ್ರಶೇಖರ್ ಅವರು 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ತೆರಳಿದರು. ಅಲ್ಲಿ 1977ರಲ್ಲಿ ಅವರು ಬಿ.ಕೆ. ಸದಾಶಿವ ಹಾಗೂ ಕೆ.ಎ. ಸುರೇಶ್ ಅವರೊಡಗೂಡಿ, ತಟ್ಟೆಯಾಕಾರದ ಅಣುಗಳಿಂದಾದ ದ್ರವಸ್ಫಟಿಕಗಳನ್ನು ಕಂಡುಹಿಡಿದು ಪ್ರಕಟಿಸಿದರು. ಅದುವರೆಗೆ ದ್ರವಸ್ಫಟಿಕವೆಂದರೆ ಕಡ್ಡಿಯಾಕಾರದ ಅಣುಗಳದ್ದು ಮಾತ್ರ ಎಂದು ನಂಬಲಾಗಿತ್ತು. ಈ ಶೋಧಕ್ಕೂ ಅಂಗಡಿಯ ಗಲ್ಲಾಪೆಟ್ಟಿಗೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಆರಂಭದ ಎಲ್.ಸಿ.ಡಿ.ಗಳ ದೊಡ್ಡ ದೋಷವೆಂದರೆ ನೇರವಾಗಿ ನೋಡಿದವರಿಗೆ ಮಾತ್ರ ಚಿತ್ರ ಸ್ಪಷ್ಟ. ಪಕ್ಕದಲ್ಲಿ ನಿಂತವರಿಗೆ ಅದು ಮಸುಕು, ಕೆಲವೊಮ್ಮೆ ತಿರುವುಮುರುವು. ಗಲ್ಲಾದ ಆಚೆ ನಿಂತ ಗಿರಾಕಿಗಾಗಲಿ, ಪಹಣಿ ಕೇಂದ್ರದಲ್ಲಿ ಓರೆಯಾಗಿ ನಿಂತ ರೈತನಿಗಾಗಲಿ ಅಂಥ ಪರದೆ ನಿರುಪಯುಕ್ತ. ಈ ದೋಷವನ್ನು ತಗ್ಗಿಸಿದ ಉಪಾಯಗಳಲ್ಲಿ ಪ್ರಮುಖವಾದುದು ಜಪಾನಿನ ಫ್ಯೂಜಿ ಫಿಲ್ಮ್ ಸಂಸ್ಥೆ ತಯಾರಿಸಿದ, ಪರದೆಗೆ ಅಂಟಿಸುವ ಒಂದು ತೆಳುಹಾಳೆ. ಆ ಹಾಳೆಯ ಜೀವಾಳ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವೇ.

ಬೆಂಗಳೂರಿನಲ್ಲಿ ಅರಳಿದ ವಿದ್ಯೆಯ ಮೇಲೆ ಜಪಾನು ಸರಕು ಮಾಡಿತು ಎಂದು ಇಲ್ಲಿ ದೂರುವುದು ಉದ್ದೇಶವಲ್ಲ; ಪ್ರಕಟವಾದ ವಿಜ್ಞಾನ ಎಲ್ಲರ ಸೊತ್ತು. ನಾಡಿನಲ್ಲಿ ಪ್ರಯತ್ನವೇ ಆಗಲಿಲ್ಲ ಎಂಬುದೂ ಸುಳ್ಳು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಕಪ್ಪು–ಬಿಳುಪು ಟಿ.ವಿ.ಯ ಪಿಕ್ಚರ್ ಟ್ಯೂಬುಗಳನ್ನೂ ತಯಾರಿಸಿತು, ಚಿಕ್ಕ ಅಳತೆಯ ಎಲ್.ಸಿ.ಡಿ.ಗಳನ್ನೂ ತಯಾರಿಸಿತು, 1991ರಲ್ಲಿ ಚಂದ್ರಶೇಖರ್ ಅವರು ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದಾಗ ಜಾಲಹಳ್ಳಿಯಲ್ಲಿ ಅದಕ್ಕೆ ನೆಲೆ ಒದಗಿಸಿದ್ದೂ ಇದೇ ಸಂಸ್ಥೆ. ಆದರೆ ಗಡಿಯಾರದ ಅಂಕಿ ತೋರಿಸುವ ಫಲಕಕ್ಕೂ, ಲಕ್ಷಾಂತರ ಸೂಕ್ಷ್ಮ ಟ್ರಾನ್ಸಿಸ್ಟರುಗಳನ್ನು ಗಾಜಿನ ಮೇಲೆ ಹರಡಿದ ಹದಿನೇಳು ಅಂಗುಲದ ಪರದೆಗೂ ಅಜಗಜಾಂತರ. ಎರಡನೆಯದಕ್ಕೆ ಸಾವಿರಾರು ಕೋಟಿ ರೂಪಾಯಿಗಳ ಬಂಡವಾಳ, ಧೂಳಿನ ಕಣವೂ ಸುಳಿಯದ ಕಾರ್ಖಾನೆ, ಕೆಲವೇ ವರ್ಷಗಳಿಗೊಮ್ಮೆ ಹೊಸ ಯಂತ್ರಸಾಮಗ್ರಿ ಬೇಕು. ಜಪಾನ್, ಕೊರಿಯಾ, ತೈವಾನ್, ಅನಂತರ ಚೀನಾ ಆ ಬಂಡವಾಳ ಹೂಡಿದವು. ಭಾರತ ಸರ್ಕಾರವು ಪರದೆ ಕಾರ್ಖಾನೆಗಳನ್ನೂ ಒಳಗೊಂಡ 76,000 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನು ಪ್ರಕಟಿಸಿದ್ದು 2021ರ ಡಿಸೆಂಬರಿನಲ್ಲಿ. ಮಾನಸಗಂಗೋತ್ರಿಯ ಆ ಆರಂಭದಿಂದ ಲೆಕ್ಕ ಹಿಡಿದರೆ ಐವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು.

ತೂಕವೇ ರಕ್ಷಣೆಯಾಗಿತ್ತು

ಸಣ್ಣ ಉತ್ಪಾದಕರು ಗಮನಿಸಬೇಕಾದ ಸಂಗತಿ ಬೇರೊಂದಿದೆ. ನಳಿಕೆಯ ಮಾನಿಟರೂ ಟಿ.ವಿ.ಯೂ ಭಾರವಾಗಿದ್ದವು, ಜಾಗ ತಿನ್ನುತ್ತಿದ್ದವು, ಸಾಗಣೆಯಲ್ಲಿ ಒಡೆಯುತ್ತಿದ್ದವು. ಕೊಳ್ಳುವವನಿಗೆ ಇವು ಕಿರಿಕಿರಿ. ತಯಾರಕನಿಗೆ ಇವೇ ರಕ್ಷಣೆ. ಹಡಗಿನ ಒಂದು ಕಂಟೇನರಿನಲ್ಲಿ ತುಂಬಿ ಬಹುದೂರದಿಂದ ತರಿಸಿದರೆ ಸಾಗಣೆಯ ವೆಚ್ಚವೇ ಲಾಭವನ್ನು ನುಂಗುತ್ತಿದ್ದುದರಿಂದ, ಮಾರುಕಟ್ಟೆಯ ಹತ್ತಿರವೇ ಜೋಡಣೆ ನಡೆಸುವುದು ಲಾಭಕರವಾಗಿತ್ತು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಬಿ.ಪಿ.ಎಲ್.ನಂಥ ಸಂಸ್ಥೆಗಳು ಬಣ್ಣದ ಟಿ.ವಿ.ಯಲ್ಲಿ ಮನೆಮಾತಾದ ಕಾಲವದು. ಪ್ಲಾಸ್ಟಿಕ್ ಕವಚ, ತಾಮ್ರದ ಸುರುಳಿ, ಟ್ರಾನ್ಸ್‌ಫಾರ್ಮರು, ಸರ್ಕ್ಯೂಟ್ ಬೋರ್ಡು, ವೈರು, ಥರ್ಮೋಕೋಲು, ರಟ್ಟಿನ ಪೆಟ್ಟಿಗೆ ಇವೆಲ್ಲವೂ ಸಣ್ಣ ಕೈಗಾರಿಕೆಯ ಕೈಗೆಟುಕುವ ಸಾಮಾನುಗಳೇ.

ಚಪ್ಪಟೆ ಪರದೆಯ ತೂಕ ನಳಿಕೆಯ ಮಾನಿಟರಿನ ಮೂರನೇ ಒಂದು ಭಾಗ. ಗಾತ್ರವಂತೂ ಇನ್ನೂ ಕಡಿಮೆ. ಅದೇ ಕಂಟೇನರಿನಲ್ಲಿ ಹಲವು ಪಟ್ಟು ಸರಕು ಬರತೊಡಗಿತು. ದೂರವೆಂಬ ಅಡ್ಡಗೋಡೆ ಕುಸಿಯಿತು. ಮತ್ತೊಂದು ಗೋಡೆಯೂ ಅದೇ ಸಮಯದಲ್ಲಿ ಕುಸಿದದ್ದು ಕಾಕತಾಳೀಯ. ಭಾರತ 1997ರಲ್ಲಿ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಂತೆ ಕಂಪ್ಯೂಟರ್ ಸಾಮಗ್ರಿಗಳ ಮೇಲಿನ ಮೂಲ ಸೀಮಾಸುಂಕ ಹಂತಹಂತವಾಗಿ ಇಳಿದು 2005ರ ವೇಳೆಗೆ ಸೊನ್ನೆಗೆ ಬಂದಿತ್ತು. ಸುಂಕವೊಂದೇ ಇಳಿದಿದ್ದರೆ ತೂಕ ಸ್ವಲ್ಪಮಟ್ಟಿಗಾದರೂ ಕಾಪಾಡುತ್ತಿತ್ತು; ತೂಕವೊಂದೇ ಇಳಿದಿದ್ದರೆ ಸುಂಕ ಕಾಪಾಡುತ್ತಿತ್ತು. ಎರಡೂ ಒಟ್ಟಿಗೆ ಹೋದವು. ದೇಶೀಯ ತಯಾರಕರ ಅಸಾಮರ್ಥ್ಯವನ್ನೊಂದನ್ನೇ ಕಾರಣವಾಗಿ ತೋರಿಸುವವರು ಈ ಅಂಶವನ್ನು ಮರೆಯುತ್ತಾರೆ.

ಊರಿನ ಮಟ್ಟದಲ್ಲಿ ನಷ್ಟವಾದದ್ದು ದುರಸ್ತಿಯ ಕಸುಬು. ನಳಿಕೆಯ ಮಾನಿಟರು ಕೆಟ್ಟರೆ ಟಿ.ವಿ. ಮೆಕ್ಯಾನಿಕ್ಕೇ ಅದನ್ನು ಬಿಚ್ಚುತ್ತಿದ್ದ. ಟ್ರಾನ್ಸ್‌ಫಾರ್ಮರೋ ಟ್ರಾನ್ಸಿಸ್ಟರೋ ಕೆಪಾಸಿಟರೋ ಹೋಗಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ಹಾಕುತ್ತಿದ್ದ. ಸ್ವಿಚ್ ಆರಿಸಿದ ಮೇಲೂ ನಳಿಕೆಯಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ ಎಂಬ ಎಚ್ಚರ ಗುರುವಿನಿಂದ ಶಿಷ್ಯನಿಗೆ ಬರುತ್ತಿತ್ತು. ಎಲ್.ಸಿ.ಡಿ.ಯಲ್ಲಿ ಗಾಜಿನ ಫಲಕವೇ ಕೆಟ್ಟರೆ ಹೊಸ ಫಲಕದ ಬೆಲೆ ಹೊಸ ಮಾನಿಟರಿನ ಬೆಲೆಯ ಸಮೀಪಕ್ಕೆ ಬರುವುದರಿಂದ, ‘ಇದು ರಿಪೇರಿ ಆಗುವುದಿಲ್ಲ, ಹೊಸದು ತೆಗೆದುಕೊಳ್ಳಿ’ ಎಂಬ ಮಾತು ಪೇಟೆಯಲ್ಲಿ ರೂಢಿಗೆ ಬಂದಿತು. ಆದರೆ ಈ ಮಾತು ಅರ್ಧಸತ್ಯ. ಕೆಟ್ಟಿದೆಯೆಂದು ಮೂಲೆಗೆ ಸರಿಸಿದ ಎಷ್ಟೋ ಚಪ್ಪಟೆ ಪರದೆಗಳಲ್ಲಿ ಫಲಕ ಸರಿಯಾಗಿಯೇ ಇದ್ದು, ವಿದ್ಯುತ್ ಬೋರ್ಡಿನ ಉಬ್ಬಿದ ಕೆಪಾಸಿಟರೋ, ಹಿಂಬದಿಯ ಬೆಳಕಿನ ದೀಪವೋ, ಅದನ್ನು ಉರಿಸುವ ಇನ್ವರ್ಟರ್ ಬೋರ್ಡೋ ಮಾತ್ರ ಹೋಗಿರುತ್ತದೆ. ಇವು ಹಳೆಯ ಮೆಕ್ಯಾನಿಕ್ಕನ ಕೈಗೆ ಸಿಗದ ವಿದ್ಯೆಯೇನಲ್ಲ. ಆತನಿಗೆ ಸಿಗದಿರುವುದು ಬಿಡಿಭಾಗ ಮತ್ತು ಸರ್ಕ್ಯೂಟಿನ ನಕ್ಷೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವನ್ನು ಆರಂಭಿಸಿತು. ಅಲ್ಲಿ ಮಾಹಿತಿ ನೀಡುವಂತೆ ತಯಾರಕರ ಮೇಲೆ ವಾಣಿಜ್ಯ ಮಂಡಳಿಗಳು ಒತ್ತಡ ತರಬೇಕಾದದ್ದು ನ್ಯಾಯ. ಬಿಡಿ ಗಿರಾಕಿಯೊಬ್ಬನ ಪತ್ರಕ್ಕಿಂತ ನೂರು ಮಾರಾಟಗಾರರ ಸಹಿಗೆ ತೂಕ ಹೆಚ್ಚು. ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಪ್ರಯೋಗಶಾಲೆಯನ್ನು ರಜಾದಿನಗಳಲ್ಲಿ ತಾಲೂಕಿನ ಮೆಕ್ಯಾನಿಕ್ಕುಗಳಿಗೆ ತೆರೆದು, ವಾರದ ಒಂದು ತರಬೇತಿ ನಡೆಸಿಕೊಡುವಂತೆ ವರ್ತಕರ ಸಂಘ ಕೋರಿದರೆ ನಿರಾಕರಿಸಲು ಕಾರಣ ಸಿಗದು.

ಉಳಿದ ಗಾಜು

ಇನ್ನು ಅಟ್ಟದ ಮಾತು. ನಳಿಕೆಯಲ್ಲಿ ಹೊಮ್ಮುವ ಎಕ್ಸ್‌ಕಿರಣ ಹೊರಗೆ ಬಾರದಂತೆ ತಡೆಯುವುದಕ್ಕಾಗಿ ಅದರ ಗಾಜಿಗೆ ಸೀಸ ಬೆರೆಸಲಾಗುತ್ತಿತ್ತು. ಮುಂಭಾಗದ ಗಾಜಿಗಿಂತ ಹಿಂಭಾಗದ ಆಲಿಕೆಯಾಕಾರದ ಗಾಜಿನಲ್ಲಿ ಅದರ ಪ್ರಮಾಣ ಹೆಚ್ಚು. ಅಲ್ಲಿ ಐದನೇ ಒಂದು ಭಾಗಕ್ಕೂ ಮಿಗಿಲಾಗಿ ಸೀಸದ ಆಕ್ಸೈಡೇ ಇರುತ್ತದೆ. ಒಂದು ಮಾನಿಟರಿಗೆ ಒಂದು ಕಿಲೋ ಆಸುಪಾಸಿನ ಸೀಸ ಎಂದು ಹಿಡಿಯಬಹುದು. ಒಳಮೈಯಲ್ಲಿ ಬೆಳಕು ಸೂಸುವ ಪುಡಿಯ ಲೇಪವಿದೆ. ಅದನ್ನು ಉಸಿರಾಡುವುದು ಒಳ್ಳೆಯದಲ್ಲ. ಒಡೆಯದೆ ಅಟ್ಟದ ಮೇಲೆ ಕುಳಿತಿರುವ ಮಾನಿಟರಿನಿಂದ ಯಾರಿಗೂ ಅಪಾಯವಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸೀಸ ಗಾಜಿನೊಳಗೆ ಬಂಧಿಯಾಗಿಯೇ ಇರುತ್ತದೆ. ತೊಂದರೆ ಆರಂಭವಾಗುವುದು ಅದು ಗುಜರಿಗೆ ಹೋದ ದಿನ. ಗುಜರಿಯವನಿಗೆ ಬೇಕಾದದ್ದು ನಳಿಕೆಯ ಕೊರಳಿಗೆ ಸುತ್ತಿದ ತಾಮ್ರದ ಸುರುಳಿ, ಕಬ್ಬಿಣ, ಪ್ಲಾಸ್ಟಿಕ್ಕು. ಕೊರಳು ಮುರಿದು ಸುರುಳಿ ಬಿಡಿಸಿಕೊಂಡ ಮೇಲೆ ಗಾಜಿಗೆ ಬೆಲೆಯಿಲ್ಲ. ಅದು ಬೀಳುವುದು ಹಳ್ಳದ ದಂಡೆಗೋ ಕೆರೆಯ ಅಂಗಳಕ್ಕೋ. ಚೂರಾದ ಗಾಜಿನಿಂದ ಸೀಸ ನೀರಿಗೆ ಇಳಿಯುವ ದಾರಿ ಅಲ್ಲಿ ತೆರೆಯುತ್ತದೆ. ಕೆರೆಯ ನೀರಿನ ಮೇಲೆ ಭತ್ತ, ಕಬ್ಬು ಬೆಳೆಯುವ, ಜಾನುವಾರು ಸಾಕುವ ತಾಲೂಕಿನಲ್ಲಿ ಇದು ನಗರದ ಸಮಸ್ಯೆ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಒಂದು ಕಾಲಕ್ಕೆ ಈ ಗಾಜಿಗೂ ಗಿರಾಕಿ ಇದ್ದ. ಹಳೆಯ ನಳಿಕೆಯ ಗಾಜನ್ನು ಕರಗಿಸಿ ಹೊಸ ನಳಿಕೆ ಮಾಡಲಾಗುತ್ತಿತ್ತು. ಜಗತ್ತಿನಲ್ಲಿ ಅಂಥ ಗಾಜನ್ನು ಕೊಳ್ಳುತ್ತಿದ್ದ ಕೊನೆಯ ಕೆಲವು ಕುಲುಮೆಗಳಲ್ಲಿ ಭಾರತದ ವಿಡಿಯೋಕಾನ್ ಸಂಸ್ಥೆಯದೂ ಒಂದಾಗಿತ್ತು. ಹೊಸ ನಳಿಕೆಗೆ ಬೇಡಿಕೆ ನಿಂತ ಮೇಲೆ 2010ರ ದಶಕದ ನಡುವಿನಲ್ಲಿ ಆ ಬಾಗಿಲೂ ಮುಚ್ಚಿತು. ಹೀಗೆ, ತಡಮಾಡಿದಷ್ಟೂ ಸರಕಿನ ಬೆಲೆ ಏರುವ ಬದಲು ವಿಲೇವಾರಿಯ ಖರ್ಚೇ ಏರಿದ ಅಪರೂಪದ ಸಾಮಾನು ಇದು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಪರಿಶೀಲಿಸಿದರೆ ಸಮಾಧಾನಕ್ಕಿಂತ ಆತಂಕವೇ ಹೆಚ್ಚು. ದೇಶದ ಮೊದಲ ಇ–ತ್ಯಾಜ್ಯ ನಿಯಮಗಳು ಪ್ರಕಟವಾದದ್ದು 2011ರಲ್ಲಿ, ಜಾರಿಗೆ ಬಂದದ್ದು 2012ರ ಮೇ 1ರಂದು. ಅಷ್ಟರೊಳಗೆ ಅಂಗಡಿಗಳ ಮಾನಿಟರು ಬದಲಾವಣೆ ಬಹುಮಟ್ಟಿಗೆ ಮುಗಿದಿತ್ತು. ಹಳೆಯ ನಳಿಕೆ ಕೈಬಿಟ್ಟ ದಿನ ಅದಕ್ಕೆ ಯಾರೂ ಹೊಣೆಗಾರರಿರಲಿಲ್ಲ. 2016ರಲ್ಲಿ ನಿಯಮಗಳು ಬದಲಾದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಇವುಗಳಂತೆ ತಯಾರಕರು ನೋಂದಾಯಿತ ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಂಡು ತಮ್ಮ ಹೊಣೆ ತೀರಿಸಬೇಕು. ಆದರೆ ಆ ಪ್ರಮಾಣಪತ್ರ ಹುಟ್ಟುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳ ಮರುಗಳಿಕೆಯ ಮೇ‌ಲೆ. ಸೀಸದ ಗಾಜು ಆ ಪಟ್ಟಿಯಲ್ಲಿಲ್ಲ. ಗುಜರಿಯವನ ದೃಷ್ಟಿಗೂ ನಿಯಮದ ದೃಷ್ಟಿಗೂ ಇಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದಿರುವುದು ವಿಷಾದನೀಯ. ಅಪಾಯಕಾರಿ ವಸ್ತುವನ್ನು ಸುರಕ್ಷಿತವಾಗಿ ತೆಗೆದಿರಿಸಿದ್ದಕ್ಕೂ ಪ್ರಮಾಣಪತ್ರ ದೊರೆಯುವಂತೆ ನಿಯಮ ತಿದ್ದಬೇಕೆಂದು ವಾಣಿಜ್ಯ ಮಂಡಳಿಗಳು ಕೇಂದ್ರ ಪರಿಸರ ಮಂತ್ರಾಲಯಕ್ಕೆ ಮನವಿ ಸಲ್ಲಿಸುವುದು ಸೂಕ್ತ.

‘ಸೂಕ್ಷ್ಮ ಉದ್ಯಮಗಳಿಗೆ ಈ ನಿಯಮಗಳೇ ಅನ್ವಯಿಸುವುದಿಲ್ಲವಲ್ಲ’ ಎಂಬ ಸಮಜಾಯಿಷಿ ವರ್ತಕರಿಂದ ಬರುವುದುಂಟು. ವಿನಾಯಿತಿ ಇರುವುದು ನಿಜ. ಆದರೆ ಕಾಗದಪತ್ರಗಳ ಹೊರೆ ಬೇಡವೆಂದು ಕೊಟ್ಟ ವಿನಾಯಿತಿಯನ್ನು ಹಳ್ಳಕ್ಕೆ ಸುರಿಯುವ ಅನುಮತಿಯೆಂದು ಓದಿಕೊಳ್ಳುವುದು ಸರಿಯಲ್ಲ. ಮೇಲಾಗಿ ಹಬ್ಬದ ದಿನಗಳಲ್ಲಿ ‘ಹಳೆಯದು ತನ್ನಿ, ಹೊಸದು ಒಯ್ಯಿರಿ’ ಎಂದು ಫಲಕ ತೂಗುಹಾಕಿ ಟಿ.ವಿ. ಮಾರಿದವರು ವರ್ತಕರೇ. ಹಾಗೆ ಬಂದ ಹಳೆಯದು ಎಲ್ಲಿಗೆ ಹೋಯಿತು ಎಂಬುದಕ್ಕೆ ಎಷ್ಟು ಅಂಗಡಿಗಳಲ್ಲಿ ರಸೀದಿ ಸಿಕ್ಕೀತು?

ಮಾರ್ಗವಿಲ್ಲವೆಂದಲ್ಲ. ಅಧಿಕೃತ ಇ–ತ್ಯಾಜ್ಯ ಘಟಕಗಳು ಕರ್ನಾಟಕದಲ್ಲಿ ಹೊಸತಲ್ಲ. ದೇಶದಲ್ಲೇ ಮೊದಲನೆಯದೆನಿಸಿದ ಇ–ಪರಿಸರ ಘಟಕ 2005ರಲ್ಲಿ ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿ ಆರಂಭವಾಯಿತು. ಕಿಕ್ಕೇರಿಯಿಂದ ಅದು ನೂರು ಕಿಲೋಮೀಟರಿಗೂ ದೂರ. ಒಂದು ಮಾನಿಟರಿಗಾಗಿ ಯಾರೂ ಅಷ್ಟು ದೂರ ಹೋಗಲಾರರು, ಹೋಗಬೇಕೆಂದು ನಿರೀಕ್ಷಿಸುವುದೂ ತರವಲ್ಲ. ಆದರೆ ಮುಕ್ಕಾಲು ಟನ್ ಹೊರುವ ಒಂದು ಸಣ್ಣ ಗೂಡ್ಸ್ ಗಾಡಿಯಲ್ಲಿ ನಲವತ್ತು ಮಾನಿಟರುಗಳನ್ನು ಒಡೆಯದಂತೆ ಜೋಡಿಸಬಹುದು. ಬಾಡಿಗೆ 6,000 ರೂಪಾಯಿ ಎಂದು ಇಟ್ಟುಕೊಂಡರೂ ತಲಾ 150 ರೂಪಾಯಿ ಬೀಳುತ್ತದೆ. ಗಾಜು ಬೇರ್ಪಡಿಸಲು ಘಟಕದವರು ಶುಲ್ಕ ಕೇಳಿದರೆ ಇನ್ನಷ್ಟು ಸೇರಬಹುದು. ಇದರಲ್ಲಿ ಅರ್ಧವನ್ನು ಮಾನಿಟರು ಕೊಡುವವರು, ಉಳಿದರ್ಧವನ್ನು ಟಿ.ವಿ., ಕಂಪ್ಯೂಟರ್ ಮಾರುವ ಅಂಗಡಿಗಳು ಭರಿಸಿದರೆ ಯಾರ ಮೇಲೂ ಹೊರೆಯಾಗದು. ಸಂಘದ ಗೋದಾಮಿನ ಒಂದು ಮೂಲೆ, ಮಳೆ ಬೀಳದ ಸೂರು, ಒಂದು ನೋಂದಣಿ ಪುಸ್ತಕ ಇದ್ದರೆ ಸಂಗ್ರಹಣೆಗೆ ಸಾಕು. ಘಟಕದಿಂದ ಬರುವ ರಸೀದಿಯ ಪ್ರತಿಯನ್ನು ಕೊಟ್ಟವರಿಗೆಲ್ಲ ತಲುಪಿಸಬೇಕು. ಇಲ್ಲವಾದರೆ ಮರುವರ್ಷ ಯಾರೂ ತರಲಾರರು.

ಇದೇ ವ್ಯವಸ್ಥೆ ಮುಂದಿನ ಸರದಿಗೂ ಬೇಕಾಗುತ್ತದೆ. ಆ ದಶಕದಲ್ಲಿ ಕೊಂಡ ಮೊದಲ ಎಲ್.ಸಿ.ಡಿ.ಗಳೂ ಈಗ ಹಳೆಯವಾಗಿ ಅಟ್ಟ ಸೇರಿವೆ. ಅವುಗಳ ಹಿಂಬದಿಯ ಬೆಳಕಿಗೆ ಬಳಸಿದ ಕೊಳವೆ ದೀಪಗಳಲ್ಲಿ ಅಲ್ಪಪ್ರಮಾಣದ ಪಾದರಸವಿದೆ, ಎಲ್.ಇ.ಡಿ. ದೀಪ ಬಂದ ಮೇಲಷ್ಟೇ ಅದು ತಪ್ಪಿದ್ದು. ತೆಳ್ಳಗಿರುವುದರಿಂದ ಇವನ್ನು ಗೋಣಿಚೀಲಕ್ಕೆ ತುರುಕಿ ಗುಜರಿಗೆ ಹಾಕುವುದು ಇನ್ನೂ ಸುಲಭ. ದುರಸ್ತಿಗೆ ಬರುವಂಥವನ್ನು ಗೋದಾಮಿನಲ್ಲೇ ಆರಿಸಿ ತರಬೇತಿ ಪಡೆದ ಮೆಕ್ಯಾನಿಕ್ಕುಗಳಿಗೆ ಕೊಟ್ಟರೆ, ಸರಿಪಡಿಸಿದ ಪರದೆಗಳು ಹೊಸದು ಕೊಳ್ಳಲಾರದ ಸಣ್ಣ ಅಂಗಡಿಗೋ ಶಾಲೆಗೋ ಹೋಗಬಹುದು. ಸಂಗ್ರಹಣೆಯ ಖರ್ಚಿನ ಒಂದು ಭಾಗ ಅಲ್ಲಿಂದಲೇ ಹುಟ್ಟಲೂಬಹುದು.

ಅಂಗಡಿಗಳ ಅಟ್ಟ ಇಳಿಯುವುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮುನ್ನ. ಆ ವಾರವನ್ನೇ ಸಂಗ್ರಹಣೆಗೆ ಗೊತ್ತುಮಾಡಿ, ಗಾಡಿ ಕಿಕ್ಕೇರಿಯಿಂದ ಹೊರಟು ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ತುಂಬಿಕೊಂಡು ಬೆಳ್ಳೂರು ಕ್ರಾಸಿನಲ್ಲಿ ಹೆದ್ದಾರಿ ಸೇರಿದರೆ ಸಂಜೆಯೊಳಗೆ ದಾಬಸ್‌ಪೇಟೆ ತಲುಪಬಹುದು. ಪಾಂಡವಪುರ, ಶ್ರೀರಂಗಪಟ್ಟಣದ ವರ್ತಕರು ಒಪ್ಪಿದರೆ ಅವರಿಗೆ ಎರಡನೆಯ ಗಾಡಿ. ದಿನಾಂಕ ನಿಗದಿಪಡಿಸಿ ಮಾಲೀಕರಿಗೆ ಒಂದು ಸುತ್ತೋಲೆ ಕಳುಹಿಸುವುದು ತಾಲೂಕು ಸಂಘಗಳ ಪದಾಧಿಕಾರಿಗಳ ಕೈಯಲ್ಲಿದೆ.